ಶೆಲ್ಫಿನ ಮೇಲೆ ನಿಂತ ದಿನಗಳು

ನಿನ್ನೆ ರಾತ್ರಿ ಒಂದು ಪುಟ್ಟ ಕಾರಿನ ಬಾಗಿಲಿಗೆ 555 ಅನ್ನೋ ಮೂರು ಅಂಕಿ ಅಂಟಿಸಿದೆ. ಒಂದೇ ಬಾಗಿಲಿಗೆ ಒಂದು ಗಂಟೆ ಹಿಡಿಯಿತು.

ಕಾರು ಸುಬಾರು ಇಂಪ್ರೆಜಾ. 1:43 ಸ್ಕೇಲ್, ಅಂದರೆ ನಿಜವಾದ ಕಾರಿನ 43ರಲ್ಲಿ ಒಂದು ಪಾಲು ಉದ್ದ. ಅಂಗೈ ಮೇಲೆ ಕೂರುತ್ತದೆ. ಕಾಲಿನ್ ಮೆಕ್ರೇ 1995ರ ನವೆಂಬರಿನಲ್ಲಿ ಬ್ರಿಟನ್ನಿನ ಆರ್‌ಎಸಿ ರ‍್ಯಾಲಿ ಗೆದ್ದು ವಿಶ್ವ ಚಾಂಪಿಯನ್ ಆದರಲ್ಲ, ಆ ಕಾರು. ರ‍್ಯಾಲಿ ಅಂದರೆ ಮಾಮೂಲಿ ರಸ್ತೆ, ಕಾಡುದಾರಿಗಳಲ್ಲಿ ಗಡಿಯಾರದ ಜೊತೆ ಓಡುವ ಕಾರ್ ಪಂದ್ಯ. ನೀಲಿ ಮೈ, ಚಿನ್ನದ ಬಣ್ಣದ ಚಕ್ರ, ಬಾಗಿಲ ಮೇಲೆ ಹಳದಿಯಲ್ಲಿ ದೊಡ್ಡದಾಗಿ 555. ಅದು ಸಿಗರೇಟಿನ ಬ್ರಾಂಡ್. ತಂಬಾಕು ಜಾಹೀರಾತಿನ ನಿಯಮಗಳು ಬಿಗಿಯಾದ ಮೇಲೆ ಮಾಡೆಲ್ ಮಾಡುವ ಅನೇಕರು ಇಂಥ ಹೆಸರುಗಳನ್ನು ಹಾಕುವುದನ್ನೇ ಬಿಟ್ಟರು. ಹಾಗಾಗಿ ನನ್ನ ಕೈಗೆ ಬಂದ ಕಾರಿನ ಬಾಗಿಲು ಬರೀ ನೀಲಿ. ಆದರೆ ನಂಬರ್ ಪ್ಲೇಟಿನಲ್ಲಿ ಎಲ್‌555 ಬಿಎಟಿ ಅಂತ ಹಾಗೇ ಇದೆ. ಬಿಎಟಿ ಅಂದರೆ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ. ಬಾಗಿಲ ಮೇಲಿಂದ ಅಳಿಸಿದ್ದು ಬಂಪರ್ ಮೇಲೆ ಉಳಿದುಕೊಂಡಿದೆ.

ಡೆಕಾಲ್ ಬೇರೆ ತರಿಸಿಕೊಂಡೆ. ಡೆಕಾಲ್ ಅಂದರೆ ಕಾಗದದ ಮೇಲೆ ಕೂತಿರುವ ಒಂದು ತೆಳು ಪೊರೆ. ಬೇಕಾದಷ್ಟು ಕತ್ತರಿಸಿ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಬಿಡಬೇಕು. ಕಾಗದದಿಂದ ಅದು ಜಾರುವುದಕ್ಕೆ ಶುರುವಾದಾಗ ಒದ್ದೆ ಬ್ರಷ್ಷಿನ ತುದಿಯಿಂದ ಮೆಲ್ಲಗೆ ಬಾಗಿಲ ಮೇಲೆ ತಳ್ಳಬೇಕು. ಒಂದು ಅಂಚು ಮಡಚಿಕೊಂಡರೆ ಮುಗಿಯಿತು, ತನಗೆ ತಾನೇ ಅಂಟಿಕೊಂಡುಬಿಡುತ್ತದೆ. ಮೊದಲನೆಯದು ಹಾಗೇ ಹೋಯಿತು. ಎರಡನೆಯದು ಕೂತಿತು. ಆಮೇಲೆ ಮೆತ್ತಗೆ ಮಾಡುವ ದ್ರಾವಣ ಒಂದು ಹನಿ. ಪೊರೆ ಮೊದಲು ಸುಕ್ಕಾಗುತ್ತದೆ. ಎದೆ ಝಲ್ ಅನ್ನುತ್ತದೆ. ಮುಟ್ಟಬಾರದು. ಹತ್ತು ನಿಮಿಷದಲ್ಲಿ ಸುಕ್ಕೆಲ್ಲ ಇಳಿದು, ಬಾಗಿಲ ಸಂದಿನ ಗೆರೆಯೊಳಗೂ ಇಳಿದು, ಬಣ್ಣವೇ ಬಳಿದ ಹಾಗೆ ಕಾಣಿಸಿತು.

ನನಗೆ ಸಿಗರೇಟಿನ ಮೇಲೆ ಯಾವ ಪ್ರೀತಿಯೂ ಇಲ್ಲ. ಆದರೆ ಆ ನವೆಂಬರಿನಲ್ಲಿ ಕಾರು ಓಡಿದ್ದು ಆ ಅಂಕಿ ಹೊತ್ತುಕೊಂಡೇ. ಅದನ್ನು ತೆಗೆದರೆ ಉಳಿಯುವುದು ಒಂದು ನೀಲಿ ಇಂಪ್ರೆಜಾ. ಕಾರ್ಲೋಸ್ ಸೈನ್ಜ್ ಅದೇ ತಂಡದ ಇನ್ನೊಂದು ಕಾರಿನಲ್ಲಿ ಪಟ್ಟು ಬಿಡದೆ ಓಡಿ ಎರಡನೆಯವರಾದರು. ಮೆಕ್ರೇ ಬ್ರಿಟನ್ನಿನ ಮೊದಲ ವಿಶ್ವ ರ‍್ಯಾಲಿ ಚಾಂಪಿಯನ್ ಆದರು. ಆ ದಿನ ನನ್ನ ಶೆಲ್ಫಿಗೆ ಬರಬೇಕಾದರೆ 555 ಬೇಕು.

ಈ ಹವ್ಯಾಸದ ಬಗ್ಗೆ ನಾನು ಗಟ್ಟಿಯಾಗಿ ಹೇಳಬೇಕು ಅಂದುಕೊಂಡಿರುವುದು ಇದೇ. ರ‍್ಯಾಲಿ ಕಾರಿನ ಮಾಡೆಲ್ ಒಂದು ಜಾತಿಯ ಕಾರನ್ನು ತೋರಿಸಿದರೆ ಸಾಲದು, ಒಂದು ದಿನವನ್ನು ತೋರಿಸಬೇಕು. ಕಾನ್ಸೆಪ್ಟ್ ಕಾರಿಗೂ, ಅಂದರೆ ಹೊಸ ಕಲ್ಪನೆಯನ್ನು ಮೋಟಾರ್ ಶೋನಲ್ಲಿ ತೋರಿಸುವುದಕ್ಕೆ ಅಂತಲೇ ಮಾಡಿದ ಕಾರಿಗೂ, ಇದೇ ಮಾತು. ರಸ್ತೆ ಕಾರುಗಳು ಸಾವಿರಗಟ್ಟಲೆ ಇರುತ್ತವೆ, ಬಿಳಿಯದೂ ಸರಿ, ಕೆಂಪಿನದೂ ಸರಿ. ಆದರೆ ರ‍್ಯಾಲಿ ಕಾರು ಪ್ರತಿ ರ‍್ಯಾಲಿಗೂ ಬೇರೆ ವೇಷ ಹಾಕುತ್ತದೆ. ಕಾನ್ಸೆಪ್ಟ್ ಕಾರಂತೂ ಸಾಮಾನ್ಯವಾಗಿ ಇರುವುದೇ ಒಂದು. ಅದಕ್ಕೇ ಇವೆರಡೂ ನನ್ನ ಶೆಲ್ಫಿನಲ್ಲಿ ಒಟ್ಟಿಗೆ ಇವೆ. ಒಂದು ಕೆಸರಿನದು, ಇನ್ನೊಂದು ದೀಪದ ಕೆಳಗೆ ನಿಂತದ್ದು, ಇವೆರಡನ್ನು ಯಾಕೆ ಕಲಸುತ್ತೀಯ ಅಂತ ಸುಮಾರು ಜನ ಕೇಳಿದ್ದಾರೆ.

ಉದಾಹರಣೆಗೆ ಇಟಲಿಯ ಲಾನ್ಸಿಯಾ ಕಂಪನಿಯ ಸ್ಟ್ರಾಟೋಸ್ ನೋಡಿ. ಸಾಂಡ್ರೊ ಮುನಾರಿ ಇದರಲ್ಲಿ 1975, 1976, 1977, ಮೂರು ವರ್ಷ ಸತತವಾಗಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. ಮಾಂಟೆ ಕಾರ್ಲೊದ ಸ್ಟ್ರಾಟೋಸ್ ಅಂದರೆ ಮೂತಿಯ ಮೇಲೆ ಸಾಲು ದೀಪ, ಹಿಮಕ್ಕೆ ತಕ್ಕ ಟೈರು. ಯಾಕೆಂದರೆ ಆಲ್ಪ್ಸ್ ಬೆಟ್ಟದಲ್ಲಿ ರಾತ್ರಿ ಓಡಬೇಕಿತ್ತು. ಅದೇ 1975ರಲ್ಲಿ ಅದೇ ಮುನಾರಿ ಕೀನ್ಯಾದ ಸಫಾರಿ ರ‍್ಯಾಲಿಗೆ ಹೋದರು. ಅಲ್ಲಿನ ಕಾರಿಗೆ ಮುಂದೆ ಕಬ್ಬಿಣದ ಕಂಬಿ, ನೆಲದಿಂದ ಎತ್ತರದ ನಿಲುವು. ಎರಡನೆಯ ಸ್ಥಾನ ಬಂತು. ಸ್ಟ್ರಾಟೋಸ್‌ಗೆ ಸಫಾರಿ ಕೊನೆಗೂ ಒಲಿಯಲೇ ಇಲ್ಲ. ಎರಡೂ ಬಿಳಿ, ಹಸಿರು, ಕೆಂಪಿನ, ಅಲಿಟಾಲಿಯಾ ವಿಮಾನ ಕಂಪನಿಯ ಬಣ್ಣದ ಕಾರುಗಳೇ. ಅಕ್ಕಪಕ್ಕ ಇಟ್ಟರೆ ಒಂದು ಚಳಿಯ ಕಾರು, ಇನ್ನೊಂದು ಧೂಳಿನ ಕಾರು ಅಂತ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ. ಸಫಾರಿ ಕಾರಿಗೆ ಮಾಂಟೆ ಕಾರ್ಲೊ ದೀಪ ಹಾಕಿ ಮಾರುವ ಮಾಡೆಲ್ ಕಂಡರೆ ನನಗೆ ನಿಜವಾಗಲೂ ಬೇಜಾರಾಗುತ್ತದೆ. ಅದು ಚಿಕ್ಕ ತಪ್ಪಲ್ಲ. ಇಡೀ ರ‍್ಯಾಲಿಯೇ ಬದಲಾಗಿಹೋಯಿತಲ್ವಾ?

ಸಫಾರಿ ಕಾರಿಗೆ ನಾನು ಧೂಳು ಹಾಕಿದ್ದೇನೆ. ಇದಕ್ಕೆ ಜಗಳಗಳೇ ಆಗಿವೆ, ಮಾಡೆಲ್ ಹಾಳುಮಾಡಿದೆ ಅಂತ. ಧೂಳಿಗೂ ಒಂದು ಲೆಕ್ಕವಿದೆ. ಅರ್ಧ ಮಿಲಿಮೀಟರ್ ಮರಳಿನ ಕಣವನ್ನು ಈ ಸ್ಕೇಲಿನಲ್ಲಿ ಇಟ್ಟರೆ ಅದು ಎರಡು ಸೆಂಟಿಮೀಟರ್ ಕಲ್ಲು. ನಿಜವಾದ ಮಣ್ಣು ಹಾಕಿದರೆ ಕಾರಿನ ಮೇಲೆ ಜಲ್ಲಿ ಸುರಿದ ಹಾಗೆ ಕಾಣುತ್ತದೆ. ಟಾಲ್ಕಂ ಪೌಡರಿನಷ್ಟು ನುಣ್ಣಗಿರುವ ಬಣ್ಣದ ಪುಡಿ ಬೇಕು. ಚಕ್ರದ ಹಿಂದೆ ಜಾಸ್ತಿ, ಛಾವಣಿಯ ಮೇಲೆ ಕಡಿಮೆ, ವೈಪರ್ ಓಡಿದ ಜಾಗದಲ್ಲಿ ಏನೂ ಇಲ್ಲ.

ಇನ್ನು ಸ್ಟ್ರಾಟೋಸ್‌ನ ಅಣ್ಣ. 1970ರ ಟ್ಯೂರಿನ್ ಮೋಟಾರ್ ಶೋನಲ್ಲಿ ಕಾರು ವಿನ್ಯಾಸದ ಬೆರ್ಟೋನೆ ಸಂಸ್ಥೆ ತೋರಿಸಿದ ಕಾನ್ಸೆಪ್ಟ್ ಕಾರು, ಸ್ಟ್ರಾಟೋಸ್ ಝೀರೋ. ರೂಪ ಕೊಟ್ಟವರು ಮಾರ್ಚೆಲ್ಲೊ ಗಾಂದಿನಿ. ಎತ್ತರ ಬರೀ 84 ಸೆಂಟಿಮೀಟರ್, ಅಂದರೆ ಅನೇಕರ ಸೊಂಟಕ್ಕಿಂತ ಕೆಳಗೆ. ಬದಿಯಲ್ಲಿ ಬಾಗಿಲೇ ಇಲ್ಲ. ಮುಂದಿನ ಗಾಜನ್ನು ಮೇಲಕ್ಕೆ ಎತ್ತಿ, ಮೂತಿಯ ಮೇಲೆ ಕಾಲಿಟ್ಟು ಒಳಗೆ ಇಳಿಯಬೇಕು. ಗಾಜು ಎತ್ತಿದಾಗ ಸ್ಟೀರಿಂಗ್ ಮುಂದಕ್ಕೆ ಸರಿದು ಜಾಗ ಬಿಡುತ್ತದೆ. ಸಂಸ್ಥೆಯ ಯಜಮಾನ ನುಚ್ಚೊ ಬೆರ್ಟೋನೆ ಇದನ್ನು ತಾವೇ ಓಡಿಸಿಕೊಂಡು ಲಾನ್ಸಿಯಾ ಕಾರ್ಖಾನೆಗೆ ಹೋದಾಗ, ಗೇಟಿನ ಅಡ್ಡಕಂಬಿಯನ್ನು ಎತ್ತುವ ಮೊದಲೇ ಅದರ ಕೆಳಗೆ ನುಸುಳಿ ಒಳಗೆ ಹೋದರು ಅನ್ನೋ ಕಥೆ ಇಂದಿಗೂ ಓಡಾಡುತ್ತಿದೆ. ಆ ಭೇಟಿಯಿಂದ ಹುಟ್ಟಿದ್ದೇ ರ‍್ಯಾಲಿಯ ಸ್ಟ್ರಾಟೋಸ್. ರ‍್ಯಾಲಿ ಗೆಲ್ಲುವುದಕ್ಕೆ ಅಂತಲೇ ಮೊದಲಿಂದ ಕೊನೆಯವರೆಗೆ ಯೋಚಿಸಿ ಮಾಡಿದ, ಫೆರಾರಿ ಡೀನೊ ವಿ6 ಎಂಜಿನ್ನಿನ ಕಾರು. 1974ರಿಂದ 1976ರವರೆಗೆ ತಯಾರಕರ ವಿಶ್ವ ಪ್ರಶಸ್ತಿ ಲಾನ್ಸಿಯಾಗೆ ಬಂತು.

ನನ್ನ ಝೀರೋ ಮಾಡೆಲ್ ಎರಡು ಸೆಂಟಿಮೀಟರ್ ಕೂಡ ಎತ್ತರ ಇಲ್ಲ. ಪಕ್ಕದಲ್ಲಿ ರ‍್ಯಾಲಿ ಸ್ಟ್ರಾಟೋಸ್ ಅದಕ್ಕಿಂತ ಸುಮಾರು ಆರು ಮಿಲಿಮೀಟರ್ ಎತ್ತರ. ಉದ್ದ ಹೆಚ್ಚುಕಡಿಮೆ ಒಂದೇ. ಕಣ್ಣನ್ನು ಶೆಲ್ಫಿನ ಮಟ್ಟಕ್ಕೆ ಇಳಿಸಿ ಬದಿಯಿಂದ ನೋಡಿ. ಚೂಪಾದ ಬಾಣವೊಂದು ಆರು ಮಿಲಿಮೀಟರ್ ಎದ್ದು ನಿಂತು ಮನುಷ್ಯರಿಗೆ ಜಾಗ ಮಾಡಿಕೊಟ್ಟ ಹಾಗೆ ಕಾಣುತ್ತದೆ. ಇದನ್ನು ಎಷ್ಟು ಫೋಟೊ ನೋಡಿದರೂ ಅರ್ಥ ಮಾಡಿಕೊಳ್ಳುವುದಕ್ಕೆ ಆಗಿರಲಿಲ್ಲ. ಪಕ್ಕಪಕ್ಕ ಇಟ್ಟಾಗ ಒಂದು ನಿಮಿಷದಲ್ಲಿ ಆಯಿತು.

ಗಾಂದಿನಿ ಬಗ್ಗೆ ಇನ್ನೊಂದು ಮಾತು. 1967ರಲ್ಲಿ ಗಾಜಿನ ಬಾಗಿಲಿನ ಲಂಬೋರ್ಗಿನಿ ಮಾರ್ಜಾಲ್. 1968ರಲ್ಲಿ ಜೀರುಂಡೆಯ ಹಸಿರು ಮೈಯ ಆಲ್ಫಾ ರೋಮಿಯೊ ಕರಾಬೊ, ಕತ್ತರಿಯ ಹಾಗೆ ಮೇಲಕ್ಕೆ ಏಳುವ ಬಾಗಿಲು. 1970ರಲ್ಲಿ ಝೀರೋ. 1971ರಲ್ಲಿ ಹಳದಿ ಕೌಂಟಾಚ್ ಎಲ್‌ಪಿ500, ಅದೇ ವರ್ಷ ಸ್ಟ್ರಾಟೋಸ್‌ನ ಮೊದಲ ರೂಪ. ಐದು ವರ್ಷದೊಳಗೆ ಒಬ್ಬರೇ ಮಾಡಿದ್ದು. 2024ರ ಮಾರ್ಚಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಈ ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಆ ಹಳದಿ ಕೌಂಟಾಚ್ ಈಗ ಇಲ್ಲ. 1974ರಲ್ಲಿ ಡಿಕ್ಕಿ ಪರೀಕ್ಷೆಗೆ ಕೊಟ್ಟು ನಾಶಮಾಡಿದರು. 2021ರಲ್ಲಿ ಲಂಬೋರ್ಗಿನಿಯೇ ಹಳೆಯ ಫೋಟೊ, ಕಾಗದಪತ್ರ ನೋಡಿಕೊಂಡು ಮತ್ತೆ ಒಂದನ್ನು ಕಟ್ಟಿತು. ನಡುವಿನ ಅಷ್ಟು ವರ್ಷ ಆ ಕಾರಿನ ಸುತ್ತ ಒಂದು ಸುತ್ತು ಬರಬೇಕು ಅನ್ನುವವರಿಗೆ ಇದ್ದದ್ದು ಮಾಡೆಲ್ ಮಾತ್ರ. ಮಾಡೆಲ್‌ಗಳನ್ನು ಆಟದ ಸಾಮಾನು ಅಂತ ತಳ್ಳಿಹಾಕುವವರು ಇದನ್ನು ಸ್ವಲ್ಪ ಯೋಚಿಸಬೇಕು. ಹಾಗೆ ನೋಡಿದರೆ ಆಟದ ಸಾಮಾನಿನ ಮೇಲೂ ನನಗೆ ಗೌರವ ಜಾಸ್ತಿ. ಮಾರ್ಜಾಲನ್ನು ಡಿಂಕಿಯವರೂ ಮಾಡಿದರು, ಮ್ಯಾಚ್‌ಬಾಕ್ಸ್‌ನವರೂ ಮಾಡಿದರು. ಮೋಟಾರ್ ಶೋನಲ್ಲಿ ಹಗ್ಗದ ಆಚೆ ನಿಂತಿದ್ದ ಕಾರು ಮಕ್ಕಳ ಜೇಬಿಗೆ ಬಂದದ್ದು ಹಾಗೆ.

ರೆಸಿನ್ (ಒಂದು ಬಗೆಯ ಪ್ಲಾಸ್ಟಿಕ್ ಎರಕ) ಒಳ್ಳೆಯದೋ ಡೈಕಾಸ್ಟ್ (ಲೋಹದ ಎರಕ) ಒಳ್ಳೆಯದೋ ಅನ್ನೋ ಜಗಳ ನಮ್ಮಲ್ಲಿ ಮುಗಿಯುವುದೇ ಇಲ್ಲ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಡೈಕಾಸ್ಟ್‌ಗೆ ಉಕ್ಕಿನ ಅಚ್ಚು ಬೇಕು. ಅದಕ್ಕೆ ಖರ್ಚು ಜಾಸ್ತಿ, ಸಾವಿರಾರು ಕಾರು ಮಾರಿದರಷ್ಟೇ ಗಿಟ್ಟುತ್ತದೆ. ರೆಸಿನ್‌ಗೆ ಸಿಲಿಕೋನ್ ಅಚ್ಚು ಸಾಕು. ಕೆಲವು ಹತ್ತು ಎರಕಕ್ಕೆ ಸವೆದುಹೋದರೂ ಹೊಸದು ಮಾಡುವುದು ಸುಲಭ. ಯಾರೂ ಕೇಳದ ಕಾನ್ಸೆಪ್ಟ್ ಕಾರುಗಳು ನಮ್ಮ ಕೈಗೆ ಬಂದದ್ದು ರೆಸಿನ್ನಿನ ದಯೆಯಿಂದ. ಬಾಗಿಲು ತೆರೆಯುವುದಿಲ್ಲ ಅಂತ ದೂರುವವರಿದ್ದಾರೆ. 1:43ರಲ್ಲಿ ಬಾಗಿಲು ತೆರೆಯದಿದ್ದರೇ ಒಳ್ಳೆಯದು ಅನ್ನುತ್ತೇನೆ ನಾನು. ನಿಜವಾದ ಕಾರಿನ ಬಾಗಿಲ ಸಂದು ನಾಲ್ಕೈದು ಮಿಲಿಮೀಟರ್. ಅದನ್ನು ಈ ಸ್ಕೇಲಿಗೆ ಇಳಿಸಿದರೆ 0.1 ಮಿಲಿಮೀಟರ್. ತೆರೆಯುವ ಬಾಗಿಲಿನಲ್ಲಿ ಅಷ್ಟು ಸಣ್ಣ ಸಂದು ಬಿಡುವುದು ಬಹಳ ಕಷ್ಟ. ಬಣ್ಣದ ಕಥೆಯೂ ಇದೇ. ಕಾರಿನ ಮೇಲಿನ ಬಣ್ಣದ ದಪ್ಪವೇ ಸುಮಾರು 0.1 ಮಿಲಿಮೀಟರ್. ಅಷ್ಟೇ ದಪ್ಪ ಮಾಡೆಲ್ ಮೇಲೆ ಬಳಿದರೆ ಲೆಕ್ಕದಲ್ಲಿ ನಾಲ್ಕು ಮಿಲಿಮೀಟರ್ ದಾಟುತ್ತದೆ. ಚೂಪಾದ ಅಂಚೆಲ್ಲ ಸಾಬೂನು ಸವೆದ ಹಾಗೆ ಮೊಂಡಾಗುತ್ತದೆ. ಝೀರೋ ಒಂದಕ್ಕೆ ಮಾತ್ರ ನನ್ನ ಮಾತು ಬದಲು. ಗಾಜೇ ಬಾಗಿಲಾಗಿರುವ ಕಾರಿನಲ್ಲಿ ಗಾಜು ತೆರೆಯದಿದ್ದರೆ ಏನೋ ಕೈತಪ್ಪಿದ ಹಾಗೆ. ನನ್ನದು ತೆರೆಯುವುದಿಲ್ಲ. ಆ ಕೊರಗು ಇದ್ದೇ ಇದೆ.

ಬಿಸಿಲಿಗೆ ಡೆಕಾಲ್ ಹಳದಿಯಾಗುತ್ತದೆ. ಮೆತ್ತಗಿನ ಟೈರಿನಿಂದ ಇಳಿಯುವ ಎಣ್ಣೆಯಂಥ ಪದಾರ್ಥ ಪ್ಲಾಸ್ಟಿಕ್ ಪೀಠವನ್ನು ಕರಗಿಸುತ್ತದೆ. ಚಕ್ರದ ಕೆಳಗೆ ಪುಟ್ಟ ತುಂಡು ಹಾಳೆ ಇಡಿ, ಸಾಕು. ಹಳೆಯ ಸತುವಿನ ಮಾಡೆಲ್ ಕೊಳ್ಳುವಾಗ ಸಣ್ಣ ಬಿರುಕಿದೆಯಾ ನೋಡಿ. ಲೋಹದಲ್ಲಿ ಸೀಸ ಬೆರೆತಿದ್ದರೆ ಒಳಗಿಂದಲೇ ಪುಡಿಯಾಗುತ್ತಾ ಬರುತ್ತದೆ, ಅದಕ್ಕೆ ಮದ್ದಿಲ್ಲ.

ಮಾಡೆಲ್ ಅಂದರೆ ಒಂದು ದಿನ ಅಂತ ಒಪ್ಪಿಕೊಂಡ ಮೇಲೆ ಯಾವ ದಿನ ಅನ್ನೋ ಪ್ರಶ್ನೆ ಬರುತ್ತದೆ. ಇದು ನನಗೆ ಅರ್ಥವಾದದ್ದು ಲಾನ್ಸಿಯಾ ಡೆಲ್ಟಾ ಎಸ್4 ಕೊಳ್ಳುವಾಗ. ಗ್ರೂಪ್ ಬಿ ಕಾಲದ ಕಾರು, ಅಂದರೆ ಬಲಕ್ಕೆ ಹೆಚ್ಚು ಕಡಿವಾಣ ಇಲ್ಲದ ವರ್ಗದ್ದು. ಟರ್ಬೊ, ಸೂಪರ್‌ಚಾರ್ಜರ್ ಅಂತ ಹೆಚ್ಚು ಗಾಳಿ ತುಂಬಿ ಬಲ ಕೂಡಿಸುವ ಎರಡೂ ಸಾಧನ ಇದ್ದ ಎಂಜಿನ್. 1986ರ ಮೇ 2ರಂದು ಫ್ರಾನ್ಸಿನ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದ ಸೆರ್ಜಿಯೊ ಕ್ರೆಸ್ಟೊ ಈ ಕಾರಿನಲ್ಲಿ ತೀರಿಕೊಂಡರು. ರಸ್ತೆಯಿಂದ ಹಾರಿದ ಕಾರು ಪೂರ್ತಿ ಸುಟ್ಟುಹೋಯಿತು. ಬಾಗಿಲ ಮೇಲಿನ ನಂಬರ್ 4. ಸರಿಯಾಗಿ ಒಂದು ವರ್ಷದ ಹಿಂದೆ, 1985ರ ಮೇ 2ರಂದು, ಅದೇ ರ‍್ಯಾಲಿಯಲ್ಲಿ, ಅದೇ ನಂಬರ್ 4ರ ಲಾನ್ಸಿಯಾ 037ರಲ್ಲಿ ಅಟ್ಟಿಲಿಯೊ ಬೆಟ್ಟೆಗಾ ತೀರಿಕೊಂಡಿದ್ದರು. ಟೊಯ್ವೊನೆನ್ ಹೋದ ಮೇಲೆ, ಆ ವರ್ಷದ ಕೊನೆಗೆ ವಿಶ್ವ ರ‍್ಯಾಲಿಯಲ್ಲಿ ಗ್ರೂಪ್ ಬಿ ಕಾರುಗಳ ಕಾಲ ಮುಗಿಯಿತು.

ಕಾರ್ಸಿಕಾದ ಆ ಎಸ್4 ಮಾಡೆಲ್ ಆಗಿ ಸಿಗುತ್ತದೆ. ಇಟ್ಟುಕೊಂಡವರ ಮೇಲೆ ನನಗೆ ಆಕ್ಷೇಪ ಇಲ್ಲ, ಅವರವರ ಮನಸ್ಸು. ಆದರೆ ದಿನಾ ಬೆಳಗ್ಗೆ ಕಣ್ಣಿಗೆ ಬೀಳುವ ಜಾಗದಲ್ಲಿ ಆ ದಿನ ನನಗೆ ಬೇಡ. ನಾನು ತೆಗೆದುಕೊಂಡದ್ದು ಅದೇ ವರ್ಷದ ಜನವರಿಯದು, ಟೊಯ್ವೊನೆನ್ ಮಾಂಟೆ ಕಾರ್ಲೊ ಗೆದ್ದ ಎಸ್4. ಅದರ ಪಕ್ಕದಲ್ಲಿ ಒಂದು ಸಿಟ್ರೊಯೆನ್ ಡಿಎಸ್ ಇಟ್ಟಿದ್ದೇನೆ. 1966ರ ಮಾಂಟೆ ಕಾರ್ಲೊದ್ದು. ಆ ವರ್ಷ ಮೊದಲ ಮೂರು ಸ್ಥಾನ ಬಂದ ಮಿನಿ ಕಾರುಗಳನ್ನು ಹೆಡ್‌ಲೈಟ್ ನಿಯಮದ ಮೇಲೆ ಹೊರಗೆ ಹಾಕಿದರು. ಗೆಲುವು ಡಿಎಸ್ ಓಡಿಸಿದ ಪೌಲಿ ಟೊಯ್ವೊನೆನ್ ಅವರಿಗೆ ಹೋಯಿತು. ಹೆನ್ರಿಯ ತಂದೆ. ವಿವಾದದ ಗೆಲುವು. ಸರಿಯಾಗಿ 20 ವರ್ಷಕ್ಕೆ ಮಗ ಅದೇ ರ‍್ಯಾಲಿಯನ್ನು ಯಾರೂ ತಕರಾರು ಮಾಡದ ಹಾಗೆ ಗೆದ್ದು ತಂದ. ಅಪ್ಪನ ಕಾರು, ಮಗನ ಕಾರು, ನಡುವೆ ಒಂದು ಬೆರಳು ಜಾಗ. ನನ್ನ ಸಂಗ್ರಹದಲ್ಲಿ ಒಂದೇ ಒಂದು ಜೋಡಿ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಈಗ ಹುಡುಕುತ್ತಿರುವುದು ಮಿಶೆಲ್ ಮೂಟನ್ ಅವರ ಔಡಿ ಕ್ವಾಟ್ರೋ. 1981ರ ಸಾನ್ ರೆಮೊ ರ‍್ಯಾಲಿ. ವಿಶ್ವ ಚಾಂಪಿಯನ್‌ಶಿಪ್ ಮಟ್ಟದ ರ‍್ಯಾಲಿಯೊಂದನ್ನು ಮಹಿಳೆ ಗೆದ್ದದ್ದು ಅದೇ ಮೊದಲು. ಪಕ್ಕದ ಸೀಟಿನಲ್ಲಿ ಫಾಬ್ರಿಜಿಯಾ ಪೊನ್ಸ್. ಕ್ವಾಟ್ರೋ ಮಾಡೆಲ್‌ಗಳು ಬೇಕಾದಷ್ಟಿವೆ, ನನಗೆ ಬೇಕಾದದ್ದು ಆ ರ‍್ಯಾಲಿಯ ಕಾರೇ. ಎರಡು ಸಲ ತರಿಸಿ ನೋಡಿದೆ. ಒಂದರಲ್ಲಿ ದೀಪ ತಪ್ಪು, ಇನ್ನೊಂದರಲ್ಲಿ ಪೊನ್ಸ್ ಅವರ ಹೆಸರೇ ಇಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಒಳ್ಳೆಯದೊಂದು ಇದ್ದರೆ ಮುಂದಿನ ಮತ್ತು ಬದಿಯ ಫೋಟೊ ಕೆಳಗೆ ಹಾಕಿ. ಕಿಟಕಿಯ ಹತ್ತಿರದ ಹೆಸರುಗಳು ಕಾಣುವ ಹಾಗೆ ಇರಲಿ. ಇಂಪ್ರೆಜಾದ ಇನ್ನೊಂದು ಬಾಗಿಲು ಇವತ್ತು ರಾತ್ರಿ ಮುಗಿಸಿ ಅದರ ಫೋಟೊ ನಾನೂ ಹಾಕುತ್ತೇನೆ.