ದುಡ್ಡು ಇಬ್ಬರದು, ಕೈ ಎರಡೇ

ಹಡಗಿನ ಟಿಕೆಟ್ಟಿನ ಲೆಕ್ಕ ಒಂದು ಸಲ ನೋಡಿ. ಕೋಣೆಗೆ ಇಬ್ಬರು ಅಂತ ಹಿಡಿದು ತಲೆಗಿಷ್ಟು ಎಂದು ದರ ಹಾಕಿರುತ್ತಾರೆ. ನೀವು ಒಬ್ಬರೇ ಹೊರಟಿರೋ, ಬಾರದೇ ಇರುವ ಆ ಇನ್ನೊಬ್ಬರ ಪಾಲೂ ನಿಮ್ಮ ತಲೆಗೇ. ಇದಕ್ಕೆ ಸಿಂಗಲ್ ಸಪ್ಲಿಮೆಂಟ್ ಎಂದು ಹೆಸರು. ಬಹಳ ಕಡೆ ಒಬ್ಬರ ದರದ ಮೇಲೆ ಇನ್ನೂ ನೂರಕ್ಕೆ ನೂರು. ಇರಲಿ, ಕೊಟ್ಟಾಯಿತು. ಕೊಟ್ಟ ಮೇಲೆ ಆ ಇನ್ನೊಬ್ಬರಿಂದ ಏನಾದರೂ ಉಪಯೋಗ ಆಗಬೇಕೋ ಬೇಡವೋ? ಅವರು ಗೊರಕೆ ಹೊಡೆಯುವುದಿಲ್ಲ, ಒದ್ದೆ ಟವೆಲ್ಲು ಹಾಸಿಗೆ ಮೇಲೆ ಎಸೆಯುವುದಿಲ್ಲ, ಒಪ್ಪೋಣ. ಆದರೆ ರಾತ್ರಿ ಏಳೂಮುಕ್ಕಾಲಿಗೆ, ಊಟಕ್ಕೆ ಹೊರಡುವಾಗ ಬ್ಲೌಸಿನ ಬೆನ್ನ ಹಿಂದಿನ ಮೂರನೇ ಹುಕ್ಕು ಹಾಕಬೇಕಾದ ಹೊತ್ತಿಗೂ ಅವರು ಇರುವುದಿಲ್ಲ. ಹೊಟ್ಟೆ ಉರಿಯುವುದು ಆಗ.

ಈಗ ಎಷ್ಟೋ ಹಡಗುಗಳಲ್ಲಿ ರಾತ್ರಿಯೂಟದ ಉಡುಗೆಯ ಕಟ್ಟುಪಾಡು ಸಡಿಲವಾಗಿದೆ. ಚಡ್ಡಿ, ಬನಿಯನ್ನು, ರಬ್ಬರ್ ಚಪ್ಪಲಿ ಬಿಟ್ಟು ಬನ್ನಿ ಸಾಕು ಅನ್ನುತ್ತಾರೆ. ಹಳೇ ಹಟ ಬಿಡದವರೂ ಇದ್ದಾರೆ. 1840ರಲ್ಲಿ ಲಿವರ್‌ಪೂಲ್‌ನಿಂದ ಮೊದಲ ಹಡಗು ಬಿಟ್ಟ ಕ್ಯೂನಾರ್ಡ್ ಕಂಪನಿಯದು ಆ ಪಂಗಡ. ಅವರ ಕ್ವೀನ್ ಮೇರಿ 2 ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಏಳು ರಾತ್ರಿಗಳಲ್ಲಿ ಸಾಮಾನ್ಯವಾಗಿ ಎರಡು ರಾತ್ರಿ ಗಾಲಾ, ಅಂದರೆ ಪೂರ್ತಿ ಸಿಂಗರಿಸಿಕೊಂಡೇ ಬರಬೇಕಾದ ರಾತ್ರಿ. ಸಂಜೆ ಆರು ದಾಟಿತೋ, ಗಂಡಸರಿಗೆ ಡಿನ್ನರ್ ಜಾಕೆಟ್ಟು ಇಲ್ಲವೇ ಗಾಢ ಬಣ್ಣದ ಸೂಟು, ಕತ್ತಿಗೆ ಬೋ ಅಥವಾ ಟೈ. ಹೆಂಗಸರಿಗೆ ಗೌನು ಅಥವಾ ಅದಕ್ಕೆ ಸಮನಾದದ್ದು. ಕೆಳಗೆ ಒಂದು ಸಾಲು: ಅವರವರ ದೇಶದ ಸಾಂಪ್ರದಾಯಿಕ ಉಡುಗೆಯೂ ನಡೆಯುತ್ತದೆ.

ಈ ಸಾಲೇ ನಮ್ಮವರನ್ನು ಹಾಳು ಮಾಡುವುದು. ‘ಅಯ್ಯೋ ಅಷ್ಟೇನಾ, ಸೀರೆ ಇದೆಯಲ್ಲ!’ ಎಂದು ಬೀರುವಿನಿಂದ ಎರಡು ರೇಷ್ಮೆ ತೆಗೆದು ಸೂಟ್‌ಕೇಸಿಗೆ ಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

ಯಾವ ರೇಷ್ಮೆ ಅನ್ನುವುದರಿಂದಲೇ ತಾಪತ್ರಯ ಶುರು. ಕೋಣೆಯೊಳಗೆ ಇಸ್ತ್ರಿಪೆಟ್ಟಿಗೆ ನಿಷಿದ್ಧ, ಬಟ್ಟೆಗೆ ಹಬೆ ಹಿಡಿಯುವ ಸ್ಟೀಮರೂ ನಿಷಿದ್ಧ. ಸಮುದ್ರದ ನಡುವೆ ಬೆಂಕಿಯ ಭಯ. ಹತ್ತುವಾಗಲೇ ಸಾಮಾನು ತಪಾಸಣೆಯಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಕ್ವೀನ್ ಮೇರಿ 2ರಲ್ಲಿ ಪ್ರಯಾಣಿಕರೇ ಒಗೆದುಕೊಳ್ಳುವ ಲಾಂಡ್ರಿ ಕೋಣೆ ಇದೆ, ಇಸ್ತ್ರಿಯೂ ಅಲ್ಲೇ, ಬಿಟ್ಟಿ. ಬಿಟ್ಟಿ ಅಂದ ಮೇಲೆ ಗಾಲಾ ದಿನ ಮಧ್ಯಾಹ್ನ ಅಲ್ಲಿ ಹೇಗಿರುತ್ತದೆ ಅಂತ ಹೇಳಬೇಕೇ? ಐದೂವರೆ ಮೀಟರ್ ಸೀರೆಯನ್ನು ಹರಡಿ ನಿಂತರೆ ಹಿಂದೆ ನಿಂತ ನಾಲ್ಕು ಜನ ನಿಮ್ಮ ವಂಶವನ್ನೇ ಶಪಿಸುತ್ತಾರೆ. ಇನ್ನು ಕೆಲವರು ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು ಆ ಹಬೆಯಲ್ಲಿ ಸೀರೆ ನೇತುಹಾಕುತ್ತಾರೆ. ಹಡಗಿನ ಸ್ನಾನದ ಮನೆಯ ಫ್ಯಾನು ಹಬೆಯನ್ನು ಹೀರಿಕೊಂಡುಬಿಡುತ್ತದೆ, ಸೀರೆಗೆ ದಕ್ಕುವುದು ನೀರಿನ ಹನಿ ಮಾತ್ರ, ರೇಷ್ಮೆಯ ಮೇಲೆ ಅದು ಕಲೆ.

ಆದ್ದರಿಂದ ಕಾಂಚೀಪುರಂ ಮನೆಯಲ್ಲೇ ಇರಲಿ. ಮಡಿಕೆ ಬಿದ್ದರೆ ಅದು ಜಗ್ಗುವುದಿಲ್ಲ, ತೂಕವೂ ಜಾಸ್ತಿ. ಮೈಸೂರು ಸಿಲ್ಕ್ ಒಳ್ಳೆಯದು. ಅದರ ಕ್ರೇಪ್ ನೂಲಿಗೆ ಹುರಿ ಹೆಚ್ಚು, ಹಾಗಾಗಿ ಹಿಂದಿನ ರಾತ್ರಿಯೇ ಹ್ಯಾಂಗರಿಗೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಸುಕ್ಕೆಲ್ಲ ತಾನೇ ಇಳಿದಿರುತ್ತದೆ. ಆದರೆ ಜಾರುತ್ತದೆ ಮಹರಾಯಗಿತ್ತಿ! ಪಿನ್ನಿಲ್ಲದೆ ಅದರ ಸೆರಗು ಹೆಗಲ ಮೇಲೆ ಒಂದು ನಿಮಿಷ ಕೂರುವುದಿಲ್ಲ. ಅಂದ ಹಾಗೆ ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ, ಟೈಟಾನಿಕ್ ಮುಳುಗಿದ ವರ್ಷ. ಆ ಹಡಗಿನಲ್ಲಿ ಬೆಂಜಮಿನ್ ಗುಗೆನ್‌ಹೈಮ್ ಎಂಬ ಸಾಹುಕಾರ ಸಾಯುವುದಾದರೆ ಮರ್ಯಾದೆಯಿಂದ ಸಾಯೋಣ ಎಂದು ಸಂಜೆಯ ಉಡುಪು ತೊಟ್ಟು ನಿಂತ ಕಥೆ ಎಲ್ಲರೂ ಹೇಳುತ್ತಾರೆ. ಅವನ ಜೊತೆ ಅವನ ಸೇವಕನೂ ಇದ್ದ ಅನ್ನುವುದನ್ನು ಮಾತ್ರ ನುಂಗಿಬಿಡುತ್ತಾರೆ. ಗುಂಡಿ ಹಾಕಲು ಆಳಿದ್ದರೆ ಯಾರು ಬೇಕಾದರೂ ಗಂಭೀರವಾಗಿ ನಿಲ್ಲಬಹುದು.

ಈಗ ಹುಕ್ಕಿನ ವಿಷಯ.

ಬ್ಲೌಸು ಹೊಲಿಯಲು ಕೊಟ್ಟಾಗ ಮುಂದೆ ಹುಕ್ಕು ಇಡಿ ಎಂದು ಹೇಳಿ ನೋಡಿ. ಟೈಲರಿನ ಮುಖದಲ್ಲಿ ಒಂದು ಮರುಕ ಮೂಡುತ್ತದೆ. ‘ಈಗ ಯಾರ್ ಮೇಡಂ ಮುಂದೆ ಇಡಿಸ್ಕೋತಾರೆ? ಬ್ಯಾಕ್ ಓಪನ್ನೇ ಓಡ್ತಿರೋದು. ಮೇಲೆ ಒಂದು ದಾರ ಬಿಟ್ಟು ಎರಡು ಕುಚ್ಚು ಹಾಕ್ಕೊಡ್ತೀನಿ, ಲುಕ್ ಬರುತ್ತೆ.’ ಮುಂದಿನ ಹುಕ್ಕು ಅಜ್ಜಿಯರಿಗೆ ಅನ್ನುವುದು ಅವರ ಸಿದ್ಧಾಂತ. ಅಜ್ಜಿಯರಿಗೆ ಬುದ್ಧಿ ಇತ್ತು. ಯಾರ ಹಂಗೂ ಇಲ್ಲದೆ, ಕರೆಂಟು ಹೋದ ಕತ್ತಲಲ್ಲಿ, ಒಲೆ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟುಕೊಂಡೇ ಎಲ್ಲ ಹುಕ್ಕೂ ಹಾಕಿ ಮುಗಿಸುತ್ತಿದ್ದರು. ಟೈಲರ್ ಮಾತ್ರ ‘ಲುಕ್’ ಬಿಟ್ಟು ಕದಲುವುದಿಲ್ಲ. ಮುಂದೆ ಎಂದು ಚೀಟಿಯಲ್ಲಿ ಬರೆಸಿ ಬಂದರೂ ತರಲು ಹೋದಾಗ ಹುಕ್ಕು ಹಿಂದೆಯೇ ಇರುತ್ತದೆ. ಕೇಳಿದರೆ ‘ಡಿಸೈನ್‌ಗೆ ಹಿಂದೇನೇ ಬರೋದು ಮೇಡಂ’. ಬಿಚ್ಚಿ ಮತ್ತೆ ಹೊಲಿದು ಕೊಡಿ ಅಂದರೆ ಮೂರು ವಾರದ ಮಾತು, ವಿಮಾನ ನಾಡಿದ್ದು. ಆ ಲುಕ್ಕನ್ನು ನೋಡುವವರು ಹಿಂದೆ ಇರುತ್ತಾರೆ. ಹುಕ್ಕು ಹಾಕುವವರೂ ಹಿಂದೆಯೇ ಇರಬೇಕಲ್ಲಪ್ಪಾ!

ಹಿಂದೆ ಐದು ಹುಕ್ಕು ಇದೆ ಅನ್ನಿ. ಕೆಳಗಿನಿಂದ ಎಡಗೈ ಮೇಲೇರಿಸಿದರೆ ಕೊನೆಯ ಎರಡು ಸಿಗುತ್ತವೆ. ಹೆಗಲ ಮೇಲಿನಿಂದ ಬಲಗೈ ಇಳಿಸಿದರೆ ಮೇಲಿನದು ಬೆರಳ ತುದಿಗೆ ತಾಗುತ್ತದೆ. ನಡುವಿನ ಎರಡು ತ್ರಿಶಂಕು. ಮೇಲಿನವರಿಗೂ ಸೇರಿದ್ದಲ್ಲ, ಕೆಳಗಿನವರಿಗೂ ಸೇರಿದ್ದಲ್ಲ. ಕೈ ಎಟುಕಿದರೂ ಪ್ರಯೋಜನವಿಲ್ಲ. ಒಂದು ಕೈ ಬಟ್ಟೆಯ ಎರಡು ಅಂಚನ್ನು ಎಳೆದು ಹತ್ತಿರ ತರಬೇಕು, ಇನ್ನೊಂದು ಕೈ ಹುಕ್ಕನ್ನು ಕುಣಿಕೆಗೆ ಸಿಕ್ಕಿಸಬೇಕು, ಅದೇ ಜಾಗದಲ್ಲಿ, ಅದೇ ಕ್ಷಣದಲ್ಲಿ. ಮುಂದೆ ಹುಕ್ಕು ಹಾಕಿ ತಿರುಗಿಸಿಕೊಳ್ಳೋಣ ಅಂದರೆ ತೋಳು ಬಿಡುವುದಿಲ್ಲ. ನಡುವಿನವನ್ನು ಮೊದಲೇ ಹಾಕಿ ತಲೆಯಿಂದ ತೂರಿಸೋಣ ಅಂದರೆ ಟೈಲರು ಫಿಟ್ಟಿಂಗ್ ಕೊಟ್ಟಿದ್ದಾರೆ. ಬ್ಲೌಸು ಅರ್ಧ ತಲೆ, ಒಂದು ಕೈ ನುಂಗಿ ಅಲ್ಲೇ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಹಡಗು ಸ್ವಲ್ಪ ವಾಲಿತೋ, ಕಣ್ಣು ಮುಚ್ಚಿದ, ಒಂದು ಕೈ ಆಕಾಶಕ್ಕೆತ್ತಿದ ಆ ಆಕೃತಿ ಮಂಚಕ್ಕೆ ಮೊಣಕಾಲು ಬಡಿದುಕೊಂಡು ಕೂರುತ್ತದೆ.

ಇದಕ್ಕೆ ಮದ್ದು ಊರಲ್ಲೇ ಮಾಡಿಸಿಕೊಂಡು ಹೋಗಬೇಕು. ಹಿಂದಿನ ಅಂಚನ್ನು ಪೂರ್ತಿ ಹೊಲಿಸಿ ಮುಚ್ಚಿಸಿ, ಹುಕ್ಕು ಶೋಕಿಗೆ ಇರಲಿ; ಎಡ ಕಂಕುಳ ಕೆಳಗೆ ಏಳೆಂಟು ಇಂಚಿನ ಸೈಡ್ ಜಿಪ್ ಇಡಿಸಿ. ಟೈಲರಿನ ಲುಕ್ಕೂ ಉಳಿಯಿತು, ನಿಮ್ಮ ಮಾನವೂ ಉಳಿಯಿತು. ಗೌನು ತೊಡುವವರು ಹಿಂದಿನ ಜಿಪ್ಪಿನ ತೂತಿಗೆ ಸೇಫ್ಟಿ ಪಿನ್ ಹಾಕಿ ಅದಕ್ಕೆ ಮುಕ್ಕಾಲು ಮೀಟರ್ ರಿಬ್ಬನ್ ಕಟ್ಟಿಕೊಳ್ಳಬೇಕು. ರಿಬ್ಬನ್ ಹೆಗಲ ಮೇಲಿನಿಂದ ಮುಂದೆ ಬಂದು ಬಲಗೈಗೆ. ಎಡಗೈ ಹಿಂದೆ ಜಿಪ್ಪಿನ ಬುಡವನ್ನು ಕೆಳಕ್ಕೆ ಜಗ್ಗಿ ಹಿಡಿದಿರಬೇಕು. ಹಾಗೆ ಹಿಡಿಯದೆ ಎಳೆದರೆ ಗೌನೇ ಮೇಲೇರುತ್ತದೆ, ಜಿಪ್ಪು ಇದ್ದಲ್ಲೇ. ಸೊಂಟದ ಹೊಲಿಗೆ ಬರುವಲ್ಲಿ ಬಟ್ಟೆ ನಾಲ್ಕು ಪದರ, ಅಲ್ಲಿ ಗ್ಯಾರಂಟಿ ಸಿಕ್ಕಿಕೊಳ್ಳುತ್ತದೆ. ಒಣ ಸೋಪಿನ ಚೂರನ್ನು ಹಲ್ಲುಗಳ ಮೇಲೆ ಮೊದಲೇ ಉಜ್ಜಿಟ್ಟಿದ್ದರೆ ಜಾರುತ್ತದೆ. ಹಡಗಿನ ಗೋಡೆ ಲೋಹದ್ದು, ಆಯಸ್ಕಾಂತದ ಕೊಕ್ಕೆ ಅಂಟುತ್ತದೆ ನಿಜ. ಅದಕ್ಕೆ ರಿಬ್ಬನ್ ಕಟ್ಟಿ ನಾವು ಕುಕ್ಕರುಗಾಲಲ್ಲಿ ಕೆಳಗಿಳಿದರೆ ಜಿಪ್ಪು ತಾನೇ ಮೇಲೆ ಬರುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ಡಬ್ಬಿಯ ಮೇಲೆ ಬರೆದ ತೂಕ ನೇರ ಕೀಳುವ ಎಳೆತಕ್ಕೆ. ಗೋಡೆಗುಂಟ ಕೆಳಕ್ಕೆ ಎಳೆದರೆ ಅದರ ಅಲ್ಪಭಾಗಕ್ಕೇ ಕೊಕ್ಕೆ ಜಾರಿ ನಿಮ್ಮೊಂದಿಗೆ ತಾನೂ ಕುಕ್ಕರಿಸುತ್ತದೆ.

ಬ್ಲೌಸು ಮುಗಿಯಿತು ಅನ್ನಿ. ಲಂಗ ಕಟ್ಟುವ ಮೊದಲೇ ಚಪ್ಪಲಿ ಹಾಕಿಕೊಂಡಿರಬೇಕು. ಉಟ್ಟ ಮೇಲೆ ಎರಡಿಂಚು ಹಿಮ್ಮಡಿ ಏರಿದರೆ ಸೀರೆ ಕಣಕಾಲಿಗೆ ಬರುತ್ತದೆ. ಲಾಡಿಯ ಎರಡೂ ತುದಿಗೆ ದೊಡ್ಡ ಗಂಟು ಇರಲಿ, ಒಂದು ತುದಿ ಒಳಗೆ ಸೇರಿಕೊಂಡರೆ ಪಿನ್ನು ಪೋಣಿಸಿ ಅದನ್ನು ಹೊರಗೆ ತರುವ ಹೊತ್ತಿಗೆ ಸೂಪು ಬಡಿಸಿ ಆಗಿರುತ್ತದೆ. ಹೆಗಲ ಪಿನ್ನಿಗೆ ಒಂದು ಸಣ್ಣ ಮಣಿ ಪೋಣಿಸಿ ಬುಡಕ್ಕೆ ತಳ್ಳಿ, ಪಿನ್ನಿನ ಸುರುಳಿಗೆ ರೇಷ್ಮೆಯ ಎಳೆ ಸಿಕ್ಕುವುದಿಲ್ಲ. ಬೆನ್ನು ಗೋಡೆಗೆ ಕೊಟ್ಟು, ಕಾಲು ಅಗಲಿಸಿ ನಿಂತು ಉಡಿ. ಟಿಕೆಟ್ ತೆಗೆಯುವಾಗಲೇ ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆ ಕೇಳಿದ್ದರೆ ಅಲುಗಾಟ ಕಡಿಮೆ. ತುದಿಯ ಮೇಲಂತಸ್ತಿನಲ್ಲಿ ನೆರಿಗೆ ಹಿಡಿಯುವುದೆಂದರೆ ಘಾಟಿ ರಸ್ತೆಯ ಬಸ್ಸಿನಲ್ಲಿ ನಿಂತು ಉಟ್ಟ ಹಾಗೆ.

ನೆರಿಗೆ ಐದೋ ಆರೋ, ಒಂದೊಂದೂ ಐದಿಂಚು. ಮೇಲೆ ಸಿಕ್ಕಿಸುವುದು ಸುಲಭ. ಕೆಳಗೆ ಅವು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಬಗ್ಗಿ ಸರಿಮಾಡಿದರೆ ಮೇಲಿನದು ಕಳಚುತ್ತದೆ, ಮೇಲಿನದು ಹಿಡಿದರೆ ಕೆಳಗಿನದು ಎಟುಕದು. ನಮ್ಮ ಮನೆಗಳಲ್ಲಿ ಇದೊಂದು ಸಮಸ್ಯೆ ಎಂದೇ ಯಾರಿಗೂ ಗೊತ್ತಿರುವುದಿಲ್ಲ. ‘ಬಾರೇ ಇಲ್ಲಿ, ಒಂಚೂರು ನೆರಿಗೆ ಹಿಡಿ’ ಅಂದರೆ ಸಾಕು, ಆ ದಾರಿಯಲ್ಲಿ ಹೋಗುತ್ತಿದ್ದವರು ಯಾರಾದರೂ ಬಂದು ಕಾಲ ಬುಡದಲ್ಲಿ ಕೂರುತ್ತಾರೆ. ಮದುವೆ ಮನೆಯಲ್ಲಾದರೆ ಎಂಟು ವರ್ಷದ ಹುಡುಗಿಯೋ, ಮಂಡಿನೋವಿನ ಅತ್ತೆಯೋ, ಮುಂದೆ ಹತ್ತು ವರ್ಷ ಮಾತೇ ಬಿಡಲಿರುವ ಓರಗಿತ್ತಿಯೋ. ಕೆಳಗಿನಿಂದ ಒಂದು ಜಗ್ಗು, ನೆರಿಗೆಗಳು ಚಟಪಟ ಸಾಲಾಗುತ್ತವೆ, ಅವರು ಎದ್ದು ಮಂಡಿ ಕೊಡವಿ ಹೊರಟುಹೋಗುತ್ತಾರೆ. ಥ್ಯಾಂಕ್ಸ್ ಕೂಡ ಹೇಳುವುದಿಲ್ಲ. ಸಮುದ್ರದ ನಡುವೆ ಸುಮಾರು 2,700 ಪ್ರಯಾಣಿಕರ ಜೊತೆ ಸಾಗುತ್ತಿರುವಾಗ ಥಟ್ಟನೆ ನೆನಪಾಗುವುದು ಆ ಒಂದು ಜಗ್ಗು.

ಇರಲಿ. ಬಟ್ಟೆ ಒಣಗಿಸುವ ಕ್ಲಿಪ್ಪು ನಾಲ್ಕು ತೆಗೆದುಕೊಂಡು ಹೋಗಿ. ಮಂಚದ ಮೇಲೆ ನೆರಿಗೆ ಮಡಿಚಿ ಮೇಲೆ ಎರಡು, ಕೆಳಗೆ ಎರಡು ಹಾಕಿ, ಸೊಂಟಕ್ಕೆ ಸಿಕ್ಕಿಸಿದ ಮೇಲೆ ಕೆಳಗಿನವನ್ನು ತೆಗೆಯಬೇಕು. ಮರೆತು ಹಾಗೇ ಊಟಕ್ಕೆ ಹೋದವರ ಕಾಲ ಬಳಿ ಟಕಟಕ ಸದ್ದಾಗುತ್ತದೆ, ಜನ ಗೆಜ್ಜೆ ಅಂದುಕೊಳ್ಳುತ್ತಾರೆ.

ಗಂಡಸರ ಪಾಡು ಇಷ್ಟಿಲ್ಲ. ಬೋ ಕಟ್ಟಲು ಬಾರದವರು ಕಟ್ಟಿದ್ದೇ ತರುತ್ತಾರೆ. ಕಫ್‌ಲಿಂಕಿನಲ್ಲಿ ಮಾತ್ರ ಬಲಗೈ ಪಟ್ಟಿಗೆ ಎಡಗೈ ಸಾಕಾಗದೆ ಹಲ್ಲಿನ ಸಹಾಯ ಬೇಕಾಗುತ್ತದೆ. ಸೂಟು ತಂದು ಕಪ್ಪು ಶೂ ಮರೆಯುವವರಿಗಂತೂ ಲೆಕ್ಕವಿಲ್ಲ. ಕುತ್ತಿಗೆ ಮುಚ್ಚುವ ಬಂದ್‌ಗಲಾ ಕೋಟು ಟೈಯ ಗೋಳನ್ನೇ ತಪ್ಪಿಸುತ್ತದೆ. ಕಚ್ಚೆ ಪಂಚೆ, ಜರಿ ಶಲ್ಯವೂ ನಡೆಯುತ್ತದೆ, ಅದನ್ನು ಒಬ್ಬರೇ ಕಟ್ಟಿಕೊಳ್ಳುವ ವಿದ್ಯೆ ತಲತಲಾಂತರದಿಂದ ಬಂದಿದೆ. ಹಿಂದಕ್ಕೆ ಸಿಕ್ಕಿಸುವ ಏಕೈಕ ಉಡುಗೆಯಲ್ಲೂ ಗಂಡಸರಿಗೆ ಯಾರ ಸಹಾಯವೂ ಬೇಡ. ಇದರಲ್ಲಿ ಏನೋ ಮೋಸ ಇದೆ.

ಎಲ್ಲ ಉಪಾಯ ಸೋತವರಿಗೆ ಉಳಿಯುವುದು ಕಾರಿಡಾರು. ಬಾಗಿಲನ್ನು ಆರಿಂಚು ತೆರೆದು, ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕಾಯಬೇಕು. ಹಡಗಿನ ಉದ್ದ 345 ಮೀಟರ್, ಆದರೆ ಆ ಹೊತ್ತಿಗೆ ಬರುವವರೆಲ್ಲ ಗಂಡಸರೇ. ಸಿಕ್ಕ ಹೆಂಗಸನ್ನು ಸಂಕೋಚವಿಲ್ಲದೆ ಕೇಳಿಬಿಡಬೇಕು. ಅವರ ಜಿಪ್ಪೂ ಅರ್ಧಕ್ಕೇ ನಿಂತಿರುವ ಸಾಧ್ಯತೆ ಇದೆ. ಹುಕ್ಕಿಗೆ ಜಿಪ್ಪು, ಲೇವಾದೇವಿ ಸರಿಹೋಯಿತು.

ಅಷ್ಟು ಮಾಡಿ ಮೆಟ್ಟಿಲಿಳಿದರೆ ಫೋಟೋದವರು ಪರದೆ ಕಟ್ಟಿ ನಿಂತಿರುತ್ತಾರೆ. ನಿಮ್ಮನ್ನು ನಿಲ್ಲಿಸಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ನಿಮ್ಮ ಹಿಂದೆ ಇಣುಕಿ ನೋಡುತ್ತಾರೆ, ಇನ್ನೊಬ್ಬರು ಬರಲಿ ಅಂತ. ದುಡ್ಡು ಕಟ್ಟಿದ ಆ ಇನ್ನೊಬ್ಬರು. ಊಟದ ಮೇಜಿನಲ್ಲಿ ವೇಟರು ಕುರ್ಚಿ ಮುಂದೆ ತಳ್ಳುವ ಮೊದಲೇ ಸೆರಗನ್ನು ಮಡಿಲಿಗೆ ಎಳೆದುಕೊಳ್ಳಿ. ಕುರ್ಚಿ ಕಾಲು ಅದರ ಮೇಲೆ ನಿಂತರೆ ಏಳುವಾಗ ಹೆಗಲ ಪಿನ್ನು, ಮಣಿ ಸಮೇತ, ಪಕ್ಕದವರ ಪುಡಿಂಗಿನಲ್ಲಿ.

ಒಬ್ಬರೇ ಹೋಗುವವರಿಗಾಗಿ ಈ ಹಡಗಿನಲ್ಲಿ 2016ರ ದುರಸ್ತಿಯಲ್ಲಿ ಒಬ್ಬರ ಕೋಣೆಗಳನ್ನೂ ಮಾಡಿದರು. ಹದಿನೈದು. ಅವು ನಮಗೆ ಸಿಗುವ ಮಾತು ಬಿಡಿ.

ನ್ಯೂಯಾರ್ಕಿನ ಕಡೆ ಹೋಗುವಾಗ ಒಂದು ಲಾಭವಿದೆ ಅನ್ನುತ್ತಾರೆ. ಏಳರಲ್ಲಿ ಐದು ರಾತ್ರಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ, ದಿನಕ್ಕೆ ಇಪ್ಪತ್ತೈದು ಗಂಟೆ. ಆ ಹೆಚ್ಚುವರಿ ಗಂಟೆಯನ್ನು ಸಂಜೆ ಏಳಕ್ಕೆ ಕೊಟ್ಟಿದ್ದರೆ ಪುಣ್ಯ ಬರುತ್ತಿತ್ತು. ಕೊಡುವುದು ಬೆಳಗಿನ ಜಾವ ಎರಡಕ್ಕೆ. ಅಷ್ಟು ಹೊತ್ತಿಗೆ ಊಟ, ಬ್ಯಾಂಡು, ಕುಣಿತ ಎಲ್ಲ ಮುಗಿದು ಕಾರಿಡಾರು ಖಾಲಿ. ಹುಕ್ಕು ಹಾಕುವುದು ಹೇಗೆ ಅಂತ ತಿಂಗಳುಗಟ್ಟಲೆ ಯೋಚಿಸಿದವರು ಬಿಚ್ಚುವುದರ ಬಗ್ಗೆ ಯೋಚಿಸಿರುವುದಿಲ್ಲ. ಗಡಿಯಾರ ಎರಡರಿಂದ ಒಂದಕ್ಕೆ ಬರುತ್ತದೆ. ಮೂರನೇ ಹುಕ್ಕು ಇನ್ನೂ ಹಾಗೇ ಇದೆ.