ಶುಚಿತ್ವ ಶುಲ್ಕ ಕೊಟ್ಟವರೇ ಪೊರಕೆ ಹಿಡಿಯತಕ್ಕದ್ದು

ರಜೆಗೆ ಬಂಗಲೆ ಹಿಡಿಯುವುದು ಹಿಂದೆ ತೀರಾ ಹಿಂದುಳಿದ ವ್ಯವಹಾರವಾಗಿತ್ತು. ಪತ್ರಿಕೆಯ ಕಿರುಜಾಹೀರಾತು ನೋಡಿ ಕಾಗದ ಬರೆಯಬೇಕು, ಮುಂಗಡ ಕಳಿಸಬೇಕು, ಉತ್ತರಕ್ಕೆ ಕಾಯಬೇಕು. ಹೋದಾಗ ಬಾಗಿಲಲ್ಲಿ ಸಾಕ್ಷಾತ್ ಒಬ್ಬ ಮನುಷ್ಯ ಬೇರೆ ನಿಂತಿರುತ್ತಿದ್ದ! ಬೀಗದ ಕೈ ಕೊಟ್ಟು, ಬಿಸಿನೀರಿಗೆ ಯಾವ ನಲ್ಲಿ ಎಂದು ತೋರಿಸಿ ಹೋಗುತ್ತಿದ್ದ. ಹೊರಡುವಾಗ ಹಾಸಿಗೆ ಕೆದರಿಯೇ ಇದ್ದರೂ ಯಾರೂ ಅಂಕ ಕತ್ತರಿಸುತ್ತಿರಲಿಲ್ಲ. 1995ರಲ್ಲಿ ವಿಆರ್‌ಬಿಒ, 2008ರಲ್ಲಿ ಏರ್‌ಬಿಎನ್‌ಬಿ ಎಂಬ, ರಜೆಗೆ ಮನೆ ಬಾಡಿಗೆಗೆ ಕೊಡಿಸುವ ಜಾಲತಾಣಗಳು ಅವತರಿಸಿ ಈ ಅನಾಗರಿಕತೆಯಿಂದ ನಮ್ಮನ್ನು ಪಾರು ಮಾಡಿದವು.

ಈಗ ಬೆಲೆ ಓದುವುದೇ ಒಂದು ವಿದ್ಯೆ. ಶುಚಿತ್ವ ಶುಲ್ಕ ರಾತ್ರಿಗಿಷ್ಟು ಅಲ್ಲ, ಬುಕಿಂಗ್‌ಗಿಷ್ಟು. ಅದು ಒಂದು ರಾತ್ರಿಯ ಬಾಡಿಗೆಯಷ್ಟೇ ಇದ್ದರೆ, ಒಂದೇ ರಾತ್ರಿ ಉಳಿದವರ ಬಿಲ್ಲು ದುಪ್ಪಟ್ಟು. ಏಳು ರಾತ್ರಿ ಉಳಿದವರಿಗೆ ಸುಮಾರು ಶೇ. 14 ಮಾತ್ರ ಹೆಚ್ಚು. ಇದರ ಮೇಲೆ ಆ್ಯಪ್‌ನವರ ಸೇವಾ ಶುಲ್ಕ. ಅತಿಥಿಯಿಂದ ವಸೂಲು ಮಾಡುವ ಕಡೆ ಅದನ್ನು ಬಾಡಿಗೆ ಮತ್ತು ಶುಚಿತ್ವ ಶುಲ್ಕ ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕುವುದುಂಟು, ಅಂದರೆ ಪೊರಕೆಗೂ ದಲ್ಲಾಳಿ. ಒಟ್ಟು ಮೊತ್ತವನ್ನು ಮೊದಲೇ ತೋರಿಸಿ ಎನ್ನಲು ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮವನ್ನೇ ಹೊರಡಿಸಬೇಕಾಯಿತು. ಅದು ಜಾರಿಗೆ ಬಂದದ್ದು 2025ರ ಮೇ 12ರಂದು. ಕೂಡುವ ಲೆಕ್ಕಕ್ಕೂ ಸರ್ಕಾರವೇ ಬರಬೇಕು.

ಫೋಟೊಗಳ ವಿಷಯ ಚಿಕ್ಕದು. ವೈಡ್ ಆ್ಯಂಗಲ್ ಲೆನ್ಸ್ ಅಂಚಿನಲ್ಲಿರುವುದನ್ನು ಎಳೆದು ಹಿಗ್ಗಿಸುತ್ತದೆ. ಚಿತ್ರದ ಮೂಲೆಯ ದುಂಡು ದೀಪ ಮೊಟ್ಟೆಯಾಕಾರದಲ್ಲಿದ್ದರೆ ಕೋಣೆಯ ಉದ್ದವನ್ನೂ ನಂಬಬೇಡಿ. ‘8 ಜನರಿಗೆ’ ಅಂದಲ್ಲಿ ಮಂಚ ಎಣಿಸಿ, ಆಮೇಲೆ ಶೌಚಾಲಯ ಎಣಿಸಿ. ಸೋಫಾದ ಪಾಲಿನ ಇಬ್ಬರು ಯಾರೆಂದು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ.

ಇನ್ನು ಬಾಗಿಲು. ಬೀಗದ ಕೈ ಕೊಡುವವನ ಜಾಗದಲ್ಲೀಗ ಅಂಕಿ ಒತ್ತಿದರೆ ಮೋಟರಿನಿಂದ ತೆರೆಯುವ ಬೀಗವೂ ಅದರೊಳಗೆ ನಾಲ್ಕು ಎಎ ಬ್ಯಾಟರಿಗಳೂ ಇವೆ. ಮಳೆಗಾಲದಲ್ಲಿ ಮರ ಉಬ್ಬಿ, ಬೀಗದ ನಾಲಿಗೆ ಚೌಕಟ್ಟಿನ ತೂತಿಗೆ ನೇರ ಕೂರದೆ ತಿಕ್ಕುತ್ತದೆ. ಪ್ರತಿ ಸಲ ಮೋಟರು ಮುಕ್ಕರಿದು ತಳ್ಳುವುದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ. ಆಲ್ಕಲೈನ್ ಸೆಲ್‌ಗೆಂದು ಮಾಡಿದ ಬೀಗಕ್ಕೆ ಮಾಲೀಕರು ದುಬಾರಿ ಲಿಥಿಯಂ ಸೆಲ್ ಹಾಕಿದ್ದರಂತೂ ಮುಗಿಯಿತು: ಅದರ ವೋಲ್ಟೇಜ್ ಕೊನೆಯವರೆಗೂ ಇಳಿಯುವುದಿಲ್ಲ, ಮೀಟರು ‘ಭರ್ತಿ’ ಅನ್ನುತ್ತಿರುವಾಗಲೇ ಪ್ರಾಣ ಬಿಡುತ್ತದೆ. ಅದೂ ರಾತ್ರಿ ಹನ್ನೊಂದಕ್ಕೆ, ಲಗೇಜು ಅಂಗಳದಲ್ಲಿರುವಾಗ. ಕೆಲವು ಬೀಗಗಳ ಅಡಿಯಲ್ಲಿ 9 ವೋಲ್ಟ್ ಬ್ಯಾಟರಿ ಮುಟ್ಟಿಸಲು ಎರಡು ಬಿಂದುಗಳಿರುತ್ತವೆ. ಆ ಚೌಕದ ಬ್ಯಾಟರಿ ಒಂದನ್ನು ಹಲ್ಲುಜ್ಜುವ ಬ್ರಷ್ ಜೊತೆಗೇ ಇಟ್ಟುಕೊಂಡಿರಿ. ಒಳಗೆ ಹೋದಮೇಲೆ ಚಾವಣಿಯತ್ತ ಒಮ್ಮೆ ಕಣ್ಣು ಹಾಯಿಸುವುದೂ ಒಳ್ಳೆಯದು. ಮನೆಯೊಳಗೆ ಕ್ಯಾಮೆರಾ ಕೂಡದು ಎಂಬ ಜ್ಞಾನೋದಯ ಏರ್‌ಬಿಎನ್‌ಬಿಗೆ ಪೂರ್ಣವಾಗಿ ಆದದ್ದು 2024ರ ಏಪ್ರಿಲ್ 30ಕ್ಕೆ. ಅಲ್ಲಿಯವರೆಗೆ ವಿವರದಲ್ಲಿ ಬರೆದು ನಡುಮನೆಯಲ್ಲಿ ಇಡಬಹುದಿತ್ತು.

ಹೊರಡುವ ದಿನ ಫ್ರಿಜ್ಜಿನ ಮೇಲಿನ ಪಟ್ಟಿ ಓದಿ. ಹೊದಿಕೆ ಕಳಚಿ ಯಂತ್ರಕ್ಕೆ ಹಾಕಿ, ಪಾತ್ರೆ ತೊಳೆದು ಬೋರಲು ಹಾಕಿ, ಕಸ ಮೂರಾಗಿ ವಿಂಗಡಿಸಿ. ಇಷ್ಟೂ ಹತ್ತು ಗಂಟೆಯೊಳಗೆ. ಹಾಗಾದರೆ ಆ ಶುಲ್ಕ ಯಾವುದಕ್ಕೆ? ನೀವು ಸರಿಯಾಗಿ ಗುಡಿಸಿದ್ದೀರೋ ಇಲ್ಲವೋ ನೋಡುವವರಿಗೆ.

ದೂರನ್ನು ವಿಮರ್ಶೆಯಲ್ಲಿ ಬರೆಯೋಣವೆಂದರೆ ಅಲ್ಲಿಯೂ ಧರ್ಮಸಂಕಟ. ಏರ್‌ಬಿಎನ್‌ಬಿಯಲ್ಲಿ ‘ಸೂಪರ್‌ಹೋಸ್ಟ್’ ಎಂಬ ಉತ್ತಮ ಮಾಲೀಕರ ಪಟ್ಟಕ್ಕೆ ಐದಕ್ಕೆ ಸರಾಸರಿ 4.8 ಬೇಕು, ಹಾಗಾಗಿ ನಾಲ್ಕು ನಕ್ಷತ್ರ ಕೊಡುವುದೆಂದರೆ ಬೈದ ಹಾಗೆಯೇ. ಅತ್ತ ಮಾಲೀಕರೂ ನಿಮಗೆ ಅಂಕ ಹಾಕುತ್ತಾರೆ. ಇಬ್ಬರೂ ಬರೆಯುವವರೆಗೆ ಅಥವಾ 14 ದಿನ ಕಳೆಯುವವರೆಗೆ ಒಬ್ಬರದು ಒಬ್ಬರಿಗೆ ಕಾಣುವುದಿಲ್ಲ. ಹೀಗಾಗಿ ಇಬ್ಬರೂ ಹೆದರಿ ಹೊಗಳುತ್ತಾರೆ. ಮುಂದಿನವರು ಆ ಐದು ನಕ್ಷತ್ರಗಳನ್ನು ಬಿಟ್ಟು ಮೂರರವನ್ನು ಹುಡುಕಿ ಓದಬೇಕು. ‘ಪರಿಸರ ಅದ್ಭುತ, ಸೂರ್ಯಾಸ್ತ ಮರೆಯಲಾಗದ್ದು’ ಎಂದು ಬರೆದು ಮನೆಯ ಬಗ್ಗೆ ಒಂದಕ್ಷರವೂ ಹೇಳದವರು ಬಹುಶಃ ರಾತ್ರಿಯೆಲ್ಲ ಹೊರಗೇ ಕೂತಿದ್ದವರು.