ಮೊದಲು ಮೇಟ್ರಿಕ್ಸ್, ಆಮೇಲೆ ಸಕುರಾಯ್

ಆಗಸ್ಟಿನಲ್ಲಿ ಇಲ್ಲಿಗೆ, ಅಂದರೆ ಅಮೆರಿಕಕ್ಕೆ, ಫಿಸಿಕ್ಸ್ ಪಿಎಚ್‌ಡಿಗೆ ಬರಲಿರುವ ನಮ್ಮೂರ ಕಡೆಯ ಹುಡುಗ ಫೋನ್ ಮಾಡಿದ್ದ. ಕ್ವಾಂಟಮ್ ಮೆಕ್ಯಾನಿಕ್ಸ್‌ಗೆ ಏನು ಓದ್ಕೊಂಡು ಬರ್ಲಿ ಅಂತ. ಅವನ ಪಟ್ಟಿಯಲ್ಲಿ ಏಳು ಪುಸ್ತಕ ಇದ್ದವು. ಎರಡು ಸಾಕು ಮಾರಾಯ, ಉಳಿದ ಜಾಗಕ್ಕೆ ಚಟ್ನಿಪುಡಿ ತುಂಬ್ಕೋ ಅಂದೆ.

ತಮಾಷೆಗೆ ಹೇಳಿದ್ದಲ್ಲ. ಎಂಎಸ್ಸಿಯಲ್ಲಿ ಹೈಡ್ರೋಜನ್ ಪರಮಾಣುವಿನ ಡೆರಿವೇಷನ್ನನ್ನು ನಾನು ಒಂದು ಸಾಲೂ ತಪ್ಪದೆ ಬರೆಯುತ್ತಿದ್ದೆ. ಪರೀಕ್ಷೆಗೆ ಅದೇ ಬೇಕಿತ್ತು. ಇಲ್ಲಿ ಮೊದಲ ವಾರದ ಹೋಂವರ್ಕ್‌ನಲ್ಲಿ ಬಂದ ಪ್ರಶ್ನೆ ಇಷ್ಟೇ: ಸ್ಪಿನ್ (ಎಲೆಕ್ಟ್ರಾನಿಗೆ ಹುಟ್ಟಿನಿಂದಲೇ ಇರುವ, ತಿರುಗುವಿಕೆಯಂಥ ಗುಣ; ಯಾವ ದಿಕ್ಕಿನಲ್ಲಿ ಅಳೆದರೂ ಮೇಲೆ ಇಲ್ಲವೇ ಕೆಳಗೆ ಅಂತ ಎರಡೇ ಉತ್ತರ) ಝಡ್ ದಿಕ್ಕಿಗೆ ಮೇಲಿರುವ ಎಲೆಕ್ಟ್ರಾನ್. ಎಕ್ಸ್ ದಿಕ್ಕಿನಲ್ಲಿ ಒಮ್ಮೆ ಅಳೆದು, ಮತ್ತೆ ಝಡ್‌ನಲ್ಲಿ ಅಳೆದರೆ ಕೆಳಗೆ ಸಿಗುವ ಸಾಧ್ಯತೆ ಎಷ್ಟು? ಅರ್ಧ. ಎರಡು ಸಾಲು, ಎರಡು ಕಂಬದ ಮೇಟ್ರಿಕ್ಸ್ ಗೊತ್ತಿದ್ದರೆ ಐದು ನಿಮಿಷದ ಕೆಲಸ. ನಾನು ವೇವ್ ಫಂಕ್ಷನ್ (ಕಣ ಎಲ್ಲಿ ಸಿಗಬಹುದು ಅಂತ ಹೇಳುವ ಸೂತ್ರ) ಎಲ್ಲಿದೆ ಅಂತ ರಾತ್ರಿಯೆಲ್ಲಾ ಹುಡುಕಿದೆ.

ಗ್ರಿಫಿತ್ಸ್ ಪುಸ್ತಕ ವೇವ್ ಫಂಕ್ಷನ್ನಿನ ಶ್ರೋಡಿಂಗರ್ ಸಮೀಕರಣದಿಂದಲೇ ಶುರುವಾಗುತ್ತದೆ, ಸ್ಪಿನ್ ಬರುವುದು ನಾಲ್ಕನೇ ಅಧ್ಯಾಯದಲ್ಲಿ. ಸಕುರಾಯ್ ಅವರ ಪುಸ್ತಕ ಉಲ್ಟಾ. ಬೆಳ್ಳಿ ಪರಮಾಣುಗಳ ಧಾರೆ ಆಯಸ್ಕಾಂತದ ನಡುವೆ ಎರಡಾಗಿ ಸೀಳಿದ 1922ರ ಸ್ಟರ್ನ್-ಗರ್ಲಾಕ್ ಪ್ರಯೋಗವನ್ನು ಮೊದಲು ಮುಂದಿಡುತ್ತಾರೆ, ಕೆಲವೇ ಪುಟಗಳಲ್ಲಿ ಕೆಟ್, ಬ್ರಾ (ಕಣದ ಸ್ಥಿತಿಯನ್ನು ಬರೆಯುವ ವೆಕ್ಟರ್‌ಗಳು), ಆಪರೇಟರ್ (ಅವುಗಳನ್ನು ಬದಲಿಸುವ ಮೇಟ್ರಿಕ್ಸ್‌ನಂಥದ್ದು) ಎಲ್ಲ ಬಂದುಬಿಡುತ್ತವೆ. ನಮ್ಮ ಕಡೆಯಿಂದ ಬಂದವರು ಮುಗ್ಗರಿಸುವುದು ಇಲ್ಲೇ. ಸಕುರಾಯ್ ಕಷ್ಟ ಅಂತಲ್ಲ. ಲೀನಿಯರ್ ಆಲ್ಜೀಬ್ರಾ, ಅಂದರೆ ವೆಕ್ಟರ್-ಮೇಟ್ರಿಕ್ಸ್ ಗಣಿತ, ನಮಗೆ ಗಣಿತದ ಪೇಪರ್ ಆಗಿತ್ತೇ ಹೊರತು ಕ್ವಾಂಟಮ್‌ನ ಭಾಷೆ ಆಗಿರಲಿಲ್ಲ, ಅದಕ್ಕೆ.

ಹಾಗಾಗಿ ನನ್ನ ಓಟು ಆರ್. ಶಂಕರ್ ಅವರ ಪುಸ್ತಕಕ್ಕೆ. ಐಐಟಿ ಮದ್ರಾಸಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಯೇಲ್‌ನಲ್ಲಿ ಮೇಷ್ಟ್ರಾದವರು. ಮೊದಲ ಅಧ್ಯಾಯ ಪೂರ್ತಿ ಗಣಿತ. ಬೇಜಾರಾಗುತ್ತೆ, ಆದರೆ ಹಾರಿಸಬಾರದು. ಮೇಟ್ರಿಕ್ಸ್‌ನ ಐಗನ್ ವ್ಯಾಲ್ಯೂ (ಅಳೆದಾಗ ಸಿಗಬಹುದಾದ ಬೆಲೆಗಳು) ಕೈಯಿಂದ ತೆಗೆಯಬೇಕು, ಎರಡು ಆಪರೇಟರ್ ಕಮ್ಯೂಟ್ ಆದರೆ, ಅಂದರೆ ಯಾವುದನ್ನು ಮೊದಲು ಹಾಕಿದರೂ ಒಂದೇ ಉತ್ತರ ಬಂದರೆ, ಏನಾಗುತ್ತೆ ಅಂತ ಲೆಕ್ಕ ಮಾಡಿಯೇ ನೋಡಬೇಕು. ಆಮೇಲೆ ಸಕುರಾಯ್ ತೆರೆದರೆ ಹಳೇ ಪರಿಚಯದವರ ಮನೆಗೆ ಹೋದಂತಿರುತ್ತದೆ. ಗ್ರಿಫಿತ್ಸ್ ಹೇಗೂ ಊರಲ್ಲೇ ಓದಿರುತ್ತೀರಿ. ಕೋಹೆನ್-ತಾನೂಜಿಯ ದಪ್ಪ ಸಂಪುಟಗಳು ಲೈಬ್ರರಿಯಲ್ಲಿರಲಿ, ನಿಘಂಟಿನ ಹಾಗೆ.

ನಮ್ಮ ಪದ್ಧತಿಯನ್ನು ಪೂರ್ತಿ ಬೈಯಲೂ ಮನಸ್ಸಿಲ್ಲ. ಇಂಥ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬರುವ ಲೆಜೆಂಡ್ರ್, ಹರ್ಮೈಟ್ ಪಾಲಿನಾಮಿಯಲ್ ಎದುರಾದಾಗ ಇಲ್ಲಿನ ಗೆಳೆಯರು ಟೇಬಲ್ ಹುಡುಕುತ್ತಿದ್ದರು, ನಾನು ಸುಮ್ನೆ ಬರೆದುಕೊಂಡು ಹೋಗುತ್ತಿದ್ದೆ. ಬಾಯಿಪಾಠಕ್ಕೂ ಒಂದು ಬೆಲೆ ಇದೆ, ಅಲ್ವಾ? ಆದರೆ ಅವರಿಗೆ ವಾರಕ್ಕೊಂದು ಹೋಂವರ್ಕ್ ಮಾಡಿ ಅಭ್ಯಾಸ ಇತ್ತು. ಉತ್ತರ ಗೊತ್ತಿಲ್ಲದ ಲೆಕ್ಕದ ಮುಂದೆ ಮೂರು ಗಂಟೆ ಕೂರುವುದು ನನಗೆ ಬರುತ್ತಿರಲಿಲ್ಲ. ಯಾವ ಪುಸ್ತಕ ಕೊಂಡರೂ ಅದು ತಾನಾಗಿ ಬರುವುದಿಲ್ಲ.

ನಿನ್ನೆ ಹುಡುಗನ ಮೆಸೇಜ್ ಬಂತು. ಶಂಕರ್ ಹಿಡಿದು 20 ದಿನ ಆಯ್ತಂತೆ, ಮೊದಲ ಅಧ್ಯಾಯವೇ ಮುಗಿದಿಲ್ಲವಂತೆ. ನನಗೆ ಒಂದೂವರೆ ತಿಂಗಳು ಹಿಡಿದಿತ್ತು ಅಂತ ಬರೆದೆ.